ಒಂದು ಗೇಣು ಗಾಳಿ

ಬೆಲ್‌ಗ್ರೇಡಿನಿಂದ ಜಾಗ್ರೆಬಿಗೆ ಎಷ್ಟು ದೂರ ಎಂದು ಯಾರು ಕೇಳಿದರೂ ನೆವೆಂಕಾ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು: ಮುನ್ನೂರ ಅರವತ್ತೆಂಟು ಕಿಲೋಮೀಟರು, ಐವತ್ತು ನಿಮಿಷ. ಹಾಗೆ ಹೇಳುವುದೇ ಅವಳ ಕೆಲಸವಾಗಿತ್ತು. ವಿಮಾನ ಕಂಪನಿಯ ನಗರ ಕಚೇರಿಯಲ್ಲಿ, ವಿಚಾರಣೆಯ ಫೋನಿನ ಮುಂದೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೂತವಳು ಅವಳು. ಅದರಲ್ಲಿ ಕೊನೆಯ ಹನ್ನೆರಡು ವರ್ಷ ಪಕ್ಕದ ಕುರ್ಚಿ ನನ್ನದು. ನನ್ನ ಹೆಸರು ಸ್ತಾಮೆಂಕಾ, ಅವಳ ಬಾಯಲ್ಲಿ ಸ್ತಾಮೆನಾ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವಳು. ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು ಎಂದು ಅವಳೇ ಹೇಳುತ್ತಿದ್ದಳು.

ದೂರವನ್ನು ಪುಸ್ತಕ ನೋಡಿ ಹೇಳಬೇಕೆಂದು ನಿಯಮವಿತ್ತು. ನೆವೆಂಕಾ ಪುಸ್ತಕ ಮುಟ್ಟುತ್ತಿರಲಿಲ್ಲ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಎದ್ದು ಹೋಗಿ, ಗೋಡೆಯ ನಕ್ಷೆಯ ಮೇಲೆ ಗೇಣು ಹಾಕುತ್ತಿದ್ದಳು. ಸ್ಕೋಪ್ಯೆ ಒಂದು ಗೇಣಿಗೆ ಒಂದು ಬೆರಳು ಕಡಿಮೆ. ಲ್ಯುಬ್ಲಿಯಾನಾ ಒಂದು ಗೇಣಿನ ಮೇಲೆ ಮೂರು ಬೆರಳು. ಜಾಗ್ರೆಬ್ ಮಾತ್ರ ಹೆಬ್ಬೆರಳಿನಿಂದ ಕಿರುಬೆರಳಿಗೆ ಸರಿಯಾಗಿ ಒಂದು ಗೇಣು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನೋಡೆ ಸ್ತಾಮೆನಾ, ದೇವರು ಆ ಊರನ್ನ ನನ್ನ ಕೈಯಳತೆ ತಗೊಂಡೇ ಇಟ್ಟಿದಾನೆ," ಅನ್ನುತ್ತಿದ್ದಳು.

"ನಿನ್ನ ಕೈ ಮೊರದಗಲ ಇದೆ ಅಂತ ಹೇಳು, ದೇವರನ್ನ ಯಾಕೆ ಎಳೀತೀಯ," ಎಂದು ನಾನು.

ಅವಳ ತವರು ಜಾಗ್ರೆಬಿನ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ವೆಲಿಕಾ ಗೋರಿತ್ಸಾ. ಇಪ್ಪತ್ತೊಂದನೇ ವಯಸ್ಸಿಗೆ ರಾಡಿವೊಯೆ ಎಂಬ ಬೆಲ್‌ಗ್ರೇಡಿನ ಲಿಫ್ಟ್ ರಿಪೇರಿಯವನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಅಲ್ಲಿ ಉಳಿದವರು ಅವಳ ಅಮ್ಮ ಮತ್ತು ನಾಲ್ಕು ವರ್ಷ ಚಿಕ್ಕವಳಾದ ತಂಗಿ ವಿಶ್ನ್ಯಾ. ವಿಶ್ನ್ಯಾ ಬಟ್ಟೆ ಹೊಲಿಯುತ್ತಿದ್ದಳು, ಮದುವೆಯಾಗಲಿಲ್ಲ. ಗಂಡಸರು ಯಾರೂ ಅಳತೆಗೆ ಸರಿಹೋಗಲಿಲ್ಲ ಎಂದು ಅದಕ್ಕೊಂದು ತಮಾಷೆಯಿತ್ತು.

ತಿಂಗಳಿಗೊಂದು ಶುಕ್ರವಾರ ನೆವೆಂಕಾ ನೌಕರರ ಟಿಕೆಟ್ಟಿನಲ್ಲಿ ತವರಿಗೆ ಹಾರುತ್ತಿದ್ದಳು. ಅದರ ಕ್ರಮ ನನಗೆ ಬಾಯಿಪಾಠ. ನಾಲ್ಕೂವರೆಗೆ ಕಚೇರಿಯಿಂದ ತಂಗಿಗೆ ಫೋನು. ಹೇಳುವುದು ಎರಡೇ ಮಾತು: "ನಾನು ಹೊರಟೆ." ಅಷ್ಟಕ್ಕೇ ಅಲ್ಲಿ ವಿಶ್ನ್ಯಾ ಹಿಟ್ಟು ನಾದಲು ಶುರುಮಾಡಬೇಕು. ಅವರ ಕಡೆಯ ಶ್ಟ್ರುಕ್ಲಿ ಎಂಬ ತಿಂಡಿ ಅದು: ಹಿಟ್ಟನ್ನು ಅರ್ಧ ಗಂಟೆ ನೆನೆಯಬಿಟ್ಟು, ಮೇಜಿನ ತುಂಬ ಎಳೆದೆಳೆದು, ಕೆಳಗಿಟ್ಟ ಪತ್ರಿಕೆ ಓದಲು ಬರುವಷ್ಟು ತೆಳ್ಳಗೆ ಮಾಡಿ, ಒಳಗೆ ಹಸಿ ಚೀಸ್ ಸುತ್ತಿ, ಮೇಲೆ ಕೆನೆ ಸುರಿದು ಒಲೆಗಿಡುವುದು. ಒಲೆಗಿಡುವ ಹೊತ್ತನ್ನು ಅಮ್ಮ ಹೇಳಬೇಕು. ಏಳೂ ಹತ್ತಕ್ಕೆ ಬೆಲ್‌ಗ್ರೇಡಿನ ವಿಮಾನ ಮನೆಯ ಮೇಲೆಯೇ ಹಾದು ಇಳಿಯುತ್ತಿತ್ತು. ಲೋಟಗಳು ಗಲಗಲ ಎಂದ ಕೂಡಲೇ ಅಮ್ಮ, "ಇದು ನಮ್ಮದು, ಇಡು ಒಳಗೆ," ಎನ್ನುತ್ತಿದ್ದಳು. ನೆವೆಂಕಾ ಪೆಟ್ಟಿಗೆ ಹಿಡಿದು ನಡೆದು ಬಂದು ಬಾಗಿಲು ತಳ್ಳುವಾಗ ತಟ್ಟೆ ಒಲೆಯಿಂದ ಹೊರಗೆ.

ಸೋಮವಾರ ಬೆಳಿಗ್ಗೆ ನನಗೆ ಎರಡು ತುಂಡು ಡಬ್ಬಿಯಲ್ಲಿ ಬರುತ್ತಿತ್ತು. ತಣ್ಣಗಾಗಿದ್ದರೂ ಬಿಡುತ್ತಿರಲಿಲ್ಲ ನಾನು.

ಈಗ ಒಂದು ಮಾತಿನ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಕೆಟ್ಟದ್ದು ಅದರಿಂದಲೇ. ಬೆಟ್ಟ, ಹೊಳೆ, ತಿರುವು ಯಾವುದನ್ನೂ ಎಣಿಸದೆ ಊರಿಂದ ಊರಿಗೆ ನೆಟ್ಟಗೆ ಅಳೆಯುವ ದೂರಕ್ಕೆ ನಮ್ಮ ಭಾಷೆಯಲ್ಲಿ 'ಗಾಳಿಗೆರೆ' ಎನ್ನುತ್ತೇವೆ. ಗಾಳಿಗೆ ನಾವು ಬೆಲ್‌ಗ್ರೇಡಿನವರು ವಜ್ದುಹ್ ಎನ್ನುತ್ತೇವೆ, ಜಾಗ್ರೆಬಿನವರು ಜ್ರಾಕ್ ಎನ್ನುತ್ತಾರೆ. ನಮ್ಮಲ್ಲಿ ಜ್ರಾಕ್ ಎಂದರೆ ಬೆಳಕಿನ ಕಿರಣ. ಬ್ರೆಡ್ಡು, ಸೂಪು, ರೈಲು ಹೀಗೆ ಹತ್ತಾರು ವಸ್ತುಗಳಿಗೆ ಅಲ್ಲೊಂದು ಹೆಸರು ಇಲ್ಲೊಂದು ಹೆಸರು. ನೆವೆಂಕಾ ಬಂದ ಆರು ತಿಂಗಳಲ್ಲೇ ಬ್ರೆಡ್ಡಿನ ಹೆಸರು ಬದಲಾಯಿಸಿಕೊಂಡಳು, ಅಂಗಡಿಯಲ್ಲಿ ಹಸಿದುಕೊಂಡು ನಿಲ್ಲಲಾಗುತ್ತದೆಯೇ. ಸೂಪನ್ನೂ ರೈಲನ್ನೂ ಬಿಟ್ಟುಕೊಟ್ಟಳು. ಗಾಳಿಯನ್ನು ಮಾತ್ರ ಬಿಡಲಿಲ್ಲ. ಇಪ್ಪತ್ತು ವರ್ಷವೂ ಫೋನಿನಲ್ಲಿ 'ಜ್ರಾಕಿನ ಗೆರೆಯಲ್ಲಿ ಮುನ್ನೂರ ಅರವತ್ತೆಂಟು' ಎಂದೇ ಹೇಳಿದಳು.

"ಏನ್ ಮೇಡಂ, ಕಿರಣದ ಮೇಲೆ ಕೂತ್ಕೊಂಡು ಹೋಗೋದಾ?" ಎಂದು ಕೇಳುತ್ತಿದ್ದರು ತಮಾಷೆಯ ಜನ.

"ಹೌದು ಸ್ವಾಮಿ, ಕಿಟಕಿ ಪಕ್ಕ ಬೇಕೋ ಒಳಗಡೆ ಸಾಕೋ?" ಎನ್ನುತ್ತಿದ್ದಳು ಅವಳು.

ಒಮ್ಮೆ ನಾನೇ ಕೇಳಿದೆ, ಇದೊಂದನ್ನು ಯಾಕೆ ಹಿಡಿದುಕೊಂಡಿದ್ದೀಯ ಎಂದು. "ಬ್ರೆಡ್ಡು ನಿಮ್ಮೂರಿಂದು ತಿಂತೀನಿ. ಉಸಿರಾದ್ರೂ ನನ್ನೂರಿಂದು ಇರಲಿ ಬಿಡೆ," ಅಂದಳು.

ತೊಂಬತ್ತೊಂದರ ಬೇಸಿಗೆ ಕಳೆಯುವಷ್ಟರಲ್ಲಿ ಒಂದೇ ಆಗಿದ್ದ ದೇಶ ಒಡೆದು, ನಮ್ಮ ಕಡೆಗೂ ಜಾಗ್ರೆಬಿನ ಕಡೆಗೂ ಯುದ್ಧ ಶುರುವಾಗಿತ್ತು. ಜಾಗ್ರೆಬಿನ ವಿಮಾನ ನಿಂತಿತು. ಆಮೇಲೆ ಫೋನೂ ನಿಂತಿತು, ಟಪಾಲೂ ನಿಂತಿತು. ಜನ ಮಾತ್ರ ಕೇಳುವುದನ್ನು ನಿಲ್ಲಿಸಲಿಲ್ಲ. ದಿನಕ್ಕೆ ನೂರು ಮಂದಿ, ಯಾವಾಗ ಶುರುವಾಗುತ್ತೆ, ಯಾವಾಗ ಶುರುವಾಗುತ್ತೆ. ಅಂಥ ಒಂದು ದಿನ ಯಾವನಿಗೋ ನೆವೆಂಕಾ ಅಭ್ಯಾಸಬಲದಿಂದ 'ಜ್ರಾಕಿನ ಗೆರೆ' ಎಂದಳು. ಆ ಗಂಡಸಿನ ದನಿ ನನ್ನ ಕುರ್ಚಿಯವರೆಗೂ ಕೇಳಿಸಿತು. "ಅಲ್ಲಿಯವಳಾ ನೀನು? ನಮ್ಮ ಉಪ್ಪು ತಿಂದ್ಕೊಂಡು ಇನ್ನೂ ಇಲ್ಲೇ ಕೂತಿದೀಯಾ?" ಅದರ ಮುಂದಿನದ್ದು ಬರೆಯುವಂಥದ್ದಲ್ಲ. ಅದೇ ವಾರ ನಮ್ಮ ಮೇಲಿನವರು ಅವಳನ್ನು ಫೋನಿನಿಂದ ಎಬ್ಬಿಸಿ ಹಿಂದಿನ ಕೋಣೆಗೆ ಹಾಕಿದರು, ಹಳೆಯ ಟಿಕೆಟ್ಟುಗಳನ್ನು ಜೋಡಿಸಿಡುವ ಕೆಲಸಕ್ಕೆ. "ನಿಮ್ಮ ಒಳ್ಳೇದಕ್ಕೇ," ಅಂದರಂತೆ. ಒಳ್ಳೆಯದು ಮಾಡುವವರ ಬಾಯಲ್ಲಿ ಆ ಮಾತು ಬರುವುದನ್ನು ನಾನು ಕಂಡಿಲ್ಲ.

ಒಂದು ಚಳಿಗಾಲ ಕಳೆದ ಮೇಲೆ ಆ ಕೋಣೆಗೆ ಕಾಫಿ ತೆಗೆದುಕೊಂಡು ಹೋದೆ. ಧೂಳು ತುಂಬಿತ್ತು. ತಲೆ ಎತ್ತದೆಯೇ ಅಂದಳು, "ಆ ಕಿಟಕಿ ತೆಗಿ ಸ್ತಾಮೆನಾ, ಒಂದಿಷ್ಟು ವಜ್ದುಹ್ ಬರಲಿ."

ನಾನು ಆ ಪದ ಕೇಳಿಸದವಳ ಹಾಗೆ ಕಿಟಕಿ ತೆಗೆದೆ. ಅವಳಿಗೂ ತಿಳಿದಿತ್ತು, ನನಗೆ ತಿಳಿಯಿತು ಎಂದು. ಇಬ್ಬರೂ ಕಾಫಿ ಕುಡಿದೆವು.

ಭಾನುವಾರಗಳಂದು ಅವಳು ಸಾವಾ ನದಿಯ ದಂಡೆಗೆ ಹೋಗಿ ಕೂರುತ್ತಿದ್ದಳು. ಸಾವಾ ಅವರೂರ ಮಗ್ಗುಲಿನಿಂದ ಹರಿದು ನಮ್ಮೂರಿಗೆ ಬರುವ ನದಿ. ರಾಡಿವೊಯೆ ಒಳ್ಳೆಯ ಮನುಷ್ಯ, ಆದರೆ ಇಂಥದ್ದೆಲ್ಲ ಅವನಿಗೆ ಹೊಳೆಯುತ್ತಿರಲಿಲ್ಲ; ಹೆಂಡತಿಗೆ ಮೀನಿನ ಆಸೆ ಹುಟ್ಟಿದೆ ಎಂದುಕೊಂಡು ಗಾಳ ತಂದುಕೊಟ್ಟ. ಒಂದು ದಿನ ನಾನೂ ಜೊತೆಗೆ ಹೋದೆ. ಬಗ್ಗಿ ಬೊಗಸೆಯಲ್ಲಿ ನೀರೆತ್ತಿಕೊಂಡು ನೋಡಿದಳು.

"ಇದು ನಮ್ಮನೆ ದಾಟಿ ಹತ್ತು ದಿನ ಆಗಿರಬೇಕು. ಯಾರೂ ಇದರ ಪಾಸ್‌ಪೋರ್ಟ್ ಕೇಳಿಲ್ಲ ನೋಡು," ಅಂದಳು.

"ಕುಡೀಬೇಡ ಮಾರಾಯ್ತಿ, ಎಲ್ಲಾ ಊರಿನ ಚರಂಡೀನೂ ಇದಕ್ಕೇ ಸೇರಿರೋದು," ಎಂದೆ ನಾನು. ನಕ್ಕಳು, ಆದರೆ ನೀರನ್ನು ಮೆಲ್ಲನೆ ಬಿಟ್ಟಳು.

ಆ ಕಾಲದಲ್ಲಿ ಜನ ಫೋನಿಗೊಂದು ಉಪಾಯ ಕಂಡುಕೊಂಡಿದ್ದರು. ಎರಡು ದೇಶಗಳ ನಡುವೆ ಲೈನಿಲ್ಲ, ಆದರೆ ಇಬ್ಬರಿಗೂ ಹಂಗೇರಿಗೆ ಲೈನಿದೆ. ಹಂಗೇರಿಯ ಪೇಚ್ ಪಟ್ಟಣದಲ್ಲಿ ಎಟೆಲ್ಕಾ ಎಂಬ ಹೂವಿನಂಗಡಿಯವಳಿದ್ದಳು, ನೆವೆಂಕಾಳ ಹಳೆಯ ಪರಿಚಯ. ಅವಳಲ್ಲಿ ಎರಡು ಫೋನಿದ್ದವು. ಒಂದಕ್ಕೆ ನಾವು ಇಲ್ಲಿಂದ ಮಾಡುವುದು, ಇನ್ನೊಂದಕ್ಕೆ ವಿಶ್ನ್ಯಾ ಅಲ್ಲಿಂದ ಮಾಡುವುದು. ಎಟೆಲ್ಕಾ ಎರಡೂ ರಿಸೀವರುಗಳನ್ನು ಒಂದರ ಬಾಯಿಗೆ ಇನ್ನೊಂದರ ಕಿವಿ ಬರುವಂತೆ ತಲೆಕೆಳಗು ಜೋಡಿಸಿ, ಅಡುಗೆಮನೆಯ ಟವೆಲ್ಲಿನಲ್ಲಿ ಬಿಗಿಯಾಗಿ ಸುತ್ತಿಟ್ಟು, ಬೇರೆಯವರ ಮಾತು ಕೇಳಬಾರದೆಂದು ಹೂವಿನ ಕಡೆಗೆ ಹೋಗಿಬಿಡುತ್ತಿದ್ದಳು. ಬಾವಿಯೊಳಗಿಂದ ಬಂದಂತೆ ದನಿ ಬರುತ್ತಿತ್ತು. ಆದರೂ ಬರುತ್ತಿತ್ತು. ಹೀಗೆ ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಆರೇಳು ಸಲ ಅಕ್ಕತಂಗಿಯರು ಮಾತಾಡಿದ್ದರು.

ತೊಂಬತ್ತಮೂರರ ವಸಂತದಲ್ಲಿ ಒಂದು ಶುಕ್ರವಾರ, ಸಂಜೆ ಐದಕ್ಕೆ, ಕಚೇರಿ ಮುಚ್ಚಿದ ಮೇಲೆ ನೆವೆಂಕಾ ಮತ್ತೆ ಪೇಚ್‌ಗೆ ಫೋನು ಮಾಡಿದಳು. ನಾನು ಎದುರಿಗೇ ಕೂತಿದ್ದೆ. ಅಮ್ಮನಿಗೆ ಎರಡು ವರ್ಷದಿಂದ ಉಬ್ಬಸ. ಅದನ್ನೇ ಮೊದಲು ಕೇಳಿದಳು.

"ವಿಶ್ನ್ಯಾ, ಅಮ್ಮ ಹೇಗಿದಾಳೆ? ಹೊರಗೆ ಕೂರಿಸ್ತಿದೀಯ ತಾನೇ, ಸ್ವಲ್ಪ ವಜ್ದುಹ್ ತಗೊಳ್ಳಲಿ."

ಬಾಯಿಂದ ಬಂದ ಮೇಲೆ ಅವಳ ಮುಖ ಬಿಳುಪೇರಿತು. ಕಾದಳು. "ವಿಶ್ನ್ಯಾ?" ಅಂದಳು. ಮತ್ತೊಮ್ಮೆ ಅಂದಳು. ಆಮೇಲೆ ರಿಸೀವರನ್ನು ಮಲಗಿದ ಕೂಸನ್ನು ಇಡುವ ಹಾಗೆ ಇಟ್ಟಳು.

"ಇಟ್ಬಿಟ್ಲು," ಅಂದಳು.

"ಲೈನ್ ಕಟ್ಟಾಗಿರ್ಬೇಕು ಅಕ್ಕಾ, ಇನ್ನೊಂದ್ಸಲ ಮಾಡು."

"ಕಟ್ಟಾದ್ರೆ ಟೂ ಟೂ ಅಂತ ಬರತ್ತೆ. ಇದು ಸುಮ್ಮನಾಯ್ತು. ಇಷ್ಟು ವರ್ಷ ಫೋನ್ ಹಿಡಿದೋಳಿಗೆ ಅಷ್ಟೂ ಗೊತ್ತಾಗಲ್ವಾ?"

ಕೆಲಸ ಬಲ್ಲವರ ಅಹಂಕಾರ ಅದು. ನಾನು ಬಾಯಿ ಮುಚ್ಚಿಕೊಂಡೆ, ಜೀವನದಲ್ಲಿ ಬಾಯಿ ಮುಚ್ಚಬಾರದಿದ್ದ ಒಂದೇ ಸಲ.

ತಂಗಿಯೇ ಮಾಡಲಿ ಎಂದು ಅವಳು ಮೂರು ವಾರ ಕಾದಳು. ಮೂರು ವಾರಕ್ಕೆ ಟಪಾಲು ಇನ್ನೂ ಬರುತ್ತಿದ್ದ ಮಾರಿಬೊರ್ ಪಟ್ಟಣದಲ್ಲಿದ್ದ ದೂರದ ನೆಂಟರಿಂದ ಒಂದು ಲಕೋಟೆ ಬಂತು. ಒಳಗೆ ಜಾಗ್ರೆಬಿನ ಪತ್ರಿಕೆಯಿಂದ ಕತ್ತರಿಸಿದ ನಾಲ್ಕು ಬೆರಳಗಲದ ಕಾಗದ, ಅದರಲ್ಲಿ ಅಮ್ಮನ ಹೆಸರು, ಸುತ್ತ ಕಪ್ಪು ಗೆರೆ. ಸತ್ತದ್ದು ಮಂಗಳವಾರ. ನೆವೆಂಕಾ ಫೋನು ಮಾಡಿದ್ದು ಅದೇ ವಾರದ ಶುಕ್ರವಾರ.

"ನಾನು ಅಮ್ಮ ಹೇಗಿದಾಳೆ ಅಂತ ಕೇಳಿದಾಗ ಅಮ್ಮ ಮಣ್ಣೊಳಗಿದ್ದಳು," ಅಂದಳು. "ಅವಳಿಗೆ ಗೊತ್ತಿತ್ತು. ಒಂದು ಮಾತು ಹೇಳದೆ ಇಟ್ಬಿಟ್ಲು." ಅವತ್ತು ಅವಳು ಅಳಲಿಲ್ಲ. ಆಮೇಲೂ ನಾನು ನೋಡಲಿಲ್ಲ.

ಯುದ್ಧ ಮುಗಿಯಿತು. ಫೋನು ಬಂತು. ಬಸ್ಸು ಬಂತು, ರೈಲೂ ಬಂತು. ಜನ ಹೋದರು, ಅತ್ತರು, ಜಗಳವಾಡಿದರು, ಬಂದರು. ನೆವೆಂಕಾ ಹೋಗಲಿಲ್ಲ. ಅಲ್ಲಿಂದಲೂ ಒಂದು ಕಾಗದವಿಲ್ಲ, ಫೋನಿಲ್ಲ. ನಾನು ವರ್ಷಕ್ಕೆರಡು ಸಲವಾದರೂ ಕೆದಕುತ್ತಿದ್ದೆ.

"ಬಸ್ಸಿದೆಯಲ್ಲ ಅಕ್ಕಾ, ಬೆಳಿಗ್ಗೆ ಹತ್ತಿದ್ರೆ ಮಧ್ಯಾಹ್ನಕ್ಕೆ ತಂಗಿ ಮನೆ."

"ಐವತ್ತು ನಿಮಿಷದ ದಾರಿಗೆ ಆರು ಗಂಟೆ ಬಸ್ಸಲ್ಲಿ ಕೂರಲಾ? ನನ್ನೂರು ಅಷ್ಟು ದೂರ ಇಲ್ಲ. ಒಂದು ಗೇಣು. ವಿಮಾನ ಬಿಡಲಿ, ಹೋಗ್ತೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ರೇಗುತ್ತಿತ್ತು, ಮುಖದ ಮೇಲೆಯೇ ಹೇಳುತ್ತಿದ್ದೆ ಕೂಡ. ಅವಳು ತಡೆದುಕೊಳ್ಳುತ್ತಿದ್ದಳು, ಬಸ್ಸು ಮಾತ್ರ ಹತ್ತುತ್ತಿರಲಿಲ್ಲ. ನಿವೃತ್ತಳಾದಳು. ಹಿಂದಿನ ಕೋಣೆಗೆ ಬಿದ್ದಿದ್ದ ಆ ಹಳೆಯ ಗೋಡೆನಕ್ಷೆಯನ್ನು ಕೇಳಿ ತೆಗೆದುಕೊಂಡು ಹೋಗಿ ಅಡುಗೆಮನೆಗೆ ಹಾಕಿಕೊಂಡಳು. ರಾಡಿವೊಯೆ ತೀರಿಕೊಂಡ. ಅವಳ ಮನೆಗೆ ಹೋದಾಗೆಲ್ಲ ನೋಡುತ್ತಿದ್ದೆ, ನಕ್ಷೆಯ ಮೇಲೆ ಜಾಗ್ರೆಬ್ ಇದ್ದ ಜಾಗ ಕಿರುಬೆರಳು ಮುಟ್ಟಿ ಮುಟ್ಟಿ ಮಾಸಿಹೋಗಿತ್ತು. ಊರಿನ ಹೆಸರು ಓದಲು ಬರುತ್ತಿರಲಿಲ್ಲ.

ಇಪ್ಪತ್ತಮೂರು ವರ್ಷದ ಮೇಲೆ, ಎರಡು ಸಾವಿರದ ಹದಿನಾಲ್ಕರ ಡಿಸೆಂಬರಿನಲ್ಲಿ, ಆ ವಿಮಾನ ಮತ್ತೆ ಶುರುವಾಗುತ್ತದೆಂದು ಟಿವಿಯಲ್ಲಿ ಬಂತು. ನಾನು ಚಪ್ಪಲಿ ಮೆಟ್ಟಿಕೊಂಡವಳೇ ಕಚೇರಿಗೆ, ಅಲ್ಲಿಂದ ನೆಟ್ಟಗೆ ಅವಳ ಮನೆಗೆ ಹೋದೆ.

"ಈಗ ಏನು ನೆಪ ಹೇಳ್ತೀಯ, ಹೇಳು."

"ಎಷ್ಟು ಹೊತ್ತಂತೆ?" ಅಂದಳು. ಗುಮಾಸ್ತೆಯ ಪ್ರಶ್ನೆಯೇ ಮೊದಲು.

"ಒಂದು ಗಂಟೆ ಹತ್ತು ನಿಮಿಷ. ಈಗ ಜೆಟ್ ಅಲ್ಲ, ರೆಕ್ಕೆಗೆ ಫ್ಯಾನ್ ಇರೋದು."

"ಇಪ್ಪತ್ತು ನಿಮಿಷ ಜಾಸ್ತಿ ಆಯ್ತಾ? ಊರನ್ನೇನಾದ್ರೂ ಆಚೆಗೆ ಸರಿಸಿದ್ರಾ?"

ನಾನು ನಗಲಿಲ್ಲ. ಚೀಲದಿಂದ ಎರಡು ಟಿಕೆಟ್ ತೆಗೆದು ಮೇಜಿನ ಮೇಲಿಟ್ಟೆ, ಒಂದು ಅವಳದು, ಒಂದು ನನ್ನದು. ಅವಳು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಟಿಕೆಟ್ ಮುಟ್ಟಲಿಲ್ಲ. ಆಗ ಹೇಳಿದಳು, ಇಪ್ಪತ್ತೊಂದು ವರ್ಷದಿಂದ ಹೇಳದೆ ಇದ್ದದ್ದನ್ನು.

"ಅವಳು ಯಾಕೆ ಇಟ್ಲು ಅಂತ ನಿನಗೆ ಗೊತ್ತಿಲ್ಲ ಸ್ತಾಮೆನಾ. ನಾನು ವಜ್ದುಹ್ ಅಂದೆ. ಅಮ್ಮನಿಗೆ ಉಸಿರು ಕಟ್ಟಿ ಸತ್ತು ಮೂರು ದಿನ ಆಗಿದೆ, ಮೇಲೆ ನಮ್ಮ ಈ ಕಡೆಯವರ ಗುಂಡು ಬೀಳ್ತಿದೆ, ಅಂಥಾದ್ರಲ್ಲಿ ಅಕ್ಕ ಫೋನ್ ಮಾಡಿ ಗುಂಡು ಹಾಕೋರ ಮಾತಲ್ಲಿ ಗಾಳಿ ತಗೊಳ್ಳಲಿ ಅಂತಾಳೆ. ನಾನಾಗಿದ್ರೂ ಇಡ್ತಿದ್ದೆ. ಅವಳಿಗೆ ಅಕ್ಕ ಅವತ್ತೇ ಸತ್ತಳು. ಈಗ ನಾನು ಯಾವ ಬಾಯಿ ಇಟ್ಕೊಂಡು ಹೋಗಲಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹೇಳುತ್ತಾರೆ. ಒಂದು ಮಾತಿಗೆ ಇಷ್ಟು ವರ್ಷದ ಶಿಕ್ಷೆಯೇ ಎಂದು ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟೇ ಮೊದಲು ಹೊರಗೆ ಬಂತು.

"ಹೋಗಿ ಬೈಸ್ಕೋ. ಬಾಗಿಲು ಹಾಕಿದ್ರೆ ವಾಪಸ್ ಬರೋಣ. ಒಂದು ಗೇಣು ತಾನೇ? ಇಲ್ಲಿ ಕೂತು ನಕ್ಷೆ ಸವೆಸೋದು ಮಾತ್ರ ಸಾಕು."

ಅವಳು ಟಿಕೆಟ್ಟನ್ನು ಕನ್ನಡಕದ ಹತ್ತಿರ ಹಿಡಿದು ಹೊರಡುವ ಹೊತ್ತು ನೋಡಿದಳು.

ಹೊರಡುವ ದಿನ ಮಧ್ಯಾಹ್ನ ನಿಲ್ದಾಣದಲ್ಲಿ ನನ್ನ ಮೊಬೈಲು ಅವಳ ಕೈಗೆ ಕೊಟ್ಟೆ. ಹಳೆಯ ನಂಬರಿಗೆ ಈಗ ಒಂದು ಅಂಕಿ ಹೆಚ್ಚಾಗಿತ್ತು. ಅದನ್ನು ನಾನೇ ವಿಚಾರಿಸಿ ಇಟ್ಟಿದ್ದೆ. ಒತ್ತಿದ್ದೂ ನಾನೇ. ನನ್ನ ಕಿವಿಯನ್ನೂ ಹತ್ತಿರ ತಂದೆ. ಅಲ್ಲಿ ಗಂಟೆ ಬಾರಿಸುತ್ತಲೇ ಇತ್ತು. ಕೊನೆಗೆ ಯಾರೋ ಎತ್ತಿಕೊಂಡರು.

"ಯಾರು?"

ನೆವೆಂಕಾ ಕಣ್ಣು ಮುಚ್ಚಿಕೊಂಡಳು. "ನಾನು ಹೊರಟೆ," ಅಂದಳು.

ಆ ಕಡೆ ಏನೂ ಇಲ್ಲ. ನನ್ನೆದುರು ಒಬ್ಬ ಗಂಡಸು ಚೀಲ ತೂಕಕ್ಕಿಟ್ಟ, ತೂಕ ಹೆಚ್ಚಿಲ್ಲವೆಂದು ವಾದಿಸಿದ, ಕೊನೆಗೆ ಚೀಲದಿಂದ ಬೂಟು ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಷ್ಟೆಲ್ಲ ಆಗುವವರೆಗೂ ಏನೂ ಇಲ್ಲ.

"ಎಷ್ಟು ಹೊತ್ತು?" ಎಂದಿತು ಆ ಕಡೆಯ ದನಿ.

"ಒಂದು ಗಂಟೆ ಹತ್ತು ನಿಮಿಷ. ಈಗ ಫ್ಯಾನಿಂದು."

"ಹ್ಞೂಂ," ಅಂದು ಇಟ್ಟಳು.

"ಇಟ್ಬಿಟ್ಲು," ಅಂದಳು ನೆವೆಂಕಾ.

"ಮತ್ತೆ? ಹಿಟ್ಟು ನಾದೋಳು ಒಂದು ಕೈಲಿ ಫೋನ್ ಹಿಡ್ಕೊಂಡೇ ನಾದ್ತಾಳಾ? ನಡಿ."

ದಾರಿಯಲ್ಲೆಲ್ಲ ಅವಳು ಕಿಟಕಿಗೆ ಹಣೆ ಒತ್ತಿಕೊಂಡೇ ಇದ್ದಳು. ಕೆಳಗೆ ಸಾವಾ ದಾರಿಯುದ್ದಕ್ಕೂ ಇತ್ತು, ನಮಗೆ ಎದುರಾಗಿ ಹರಿಯುತ್ತ. ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಇರಬೇಕೆಂದುಕೊಂಡೆ. ಬಗ್ಗಿ ಕೇಳಿದರೆ, "ಜ್ರಾಕ್, ಜ್ರಾಕ್, ಜ್ರಾಕ್." ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಉರು ಹೊಡೆಯುತ್ತಿದ್ದಳು. ಇಳಿಯುವಾಗ ಹೆಂಚಿನ ಮನೆಗಳ ಸಾಲು ರೆಕ್ಕೆಯ ಕೆಳಗೆ ಬಂತು. "ಅದೇ," ಎಂದು ಗಾಜಿಗೆ ಬೆರಳೊತ್ತಿದಳು. ನನಗೆ ಎಲ್ಲ ಮನೆಗಳೂ ಒಂದೇ ಥರ ಕಂಡವು.

ಬಾಗಿಲು ತೆರೆದೇ ಇತ್ತು. ಬೆಂದ ಕೆನೆಯ ವಾಸನೆ ಬೀದಿಗೇ ಬಂದಿತ್ತು. ವಿಶ್ನ್ಯಾ ಒಲೆಗೆ ಬೆನ್ನು ಕೊಟ್ಟು, ತೊಳೆಯದ ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಸಣ್ಣ ಮೈ, ಪೂರ್ತಿ ಬೆಳ್ಳಗಾದ ತಲೆ. ಇಬ್ಬರೂ ತಬ್ಬಿಕೊಳ್ಳಲಿಲ್ಲ. ಅವಳು ನಮ್ಮನ್ನು ಕೂರಿಸಿ ತಟ್ಟೆಗೆ ಹಾಕಿದಳು. ನಾನು ತಿಂದೆ, ಯಾರಾದರೂ ತಿನ್ನಬೇಕಲ್ಲ.

"ಮೇಲೆ ಸದ್ದಾಯ್ತು. ಇಡು ಒಳಗೆ ಅನ್ನೋರು ಯಾರೂ ಇರಲಿಲ್ಲ," ಅಂದಳು ವಿಶ್ನ್ಯಾ. "ನಾನೇ ಅಂದ್ಕೊಂಡು ಇಟ್ಟೆ."

ನೆವೆಂಕಾ ತಟ್ಟೆಯನ್ನು ಆಚೆಗೆ ಸರಿಸಿದಳು. "ತಪ್ಪಾಯ್ತು ವಿಶ್ನ್ಯಾ. ಅವತ್ತು ನನ್ನ ಬಾಯಲ್ಲಿ ಆ ಮಾತು ಬರಬಾರದಿತ್ತು. ನೀನು ಇಟ್ಟಿದ್ದು ಸರಿ."

"ನಾನು ಇಟ್ಟೆನಾ?" ಅಂದಳು ವಿಶ್ನ್ಯಾ. ದನಿ ಏರಿತು. "ಇಟ್ಟಿದ್ದು ನೀನು. ನಾನು ಅಮ್ಮ ಹೋದ್ಲು ಅಂದೆ. ಎರಡು ಸಲ ಅಂದೆ. ನೀನು ಕೇಳಿಸ್ಕೊಂಡು ಒಂದು ಮಾತಾಡದೆ ಇಟ್ಟೆ. ಮಣ್ಣಿಗೆ ಬರೋಕಾಗ್ಲಿಲ್ಲ, ಸರಿ, ಯುದ್ಧ. ಅಯ್ಯೋ ಅನ್ನೋಕೂ ಆಗ್ಲಿಲ್ವಾ ನಿನಗೆ?"

"ನನಗೆ ಕೇಳಿಸ್ಲೇ ಇಲ್ಲ."

"ಏನು?"

"ನನಗೆ ಏನೂ ಕೇಳಿಸ್ಲಿಲ್ಲ ವಿಶ್ನ್ಯಾ. ನಾನು ವಜ್ದುಹ್ ಅಂದೆ, ನೀನು ಸಿಟ್ಟಾಗಿ ಇಟ್ಟೆ ಅಂತ..."

"ಯಾವ ಮಾತು?" ವಿಶ್ನ್ಯಾ ಅವಳನ್ನೇ ನೋಡಿದಳು. "ನೀನು ಏನಂದೆ ಅಂತ ನನಗೆ ನೆನಪೇ ಇಲ್ಲ. ನಾನು ಅಳ್ತಾ ಇದ್ದೆ."

ಪೇಚ್‌ನ ಹೂವಿನಂಗಡಿಯಲ್ಲಿ ಒಂದು ಟವೆಲ್ ಸಡಿಲಾಗಿರಬೇಕು. ಒಂದು ರಿಸೀವರು ಸ್ವಲ್ಪ ಜಾರಿರಬೇಕು, ಒಂದಿಂಚು, ಎರಡಿಂಚು. ಟೂ ಟೂ ಎನ್ನಲು ಲೈನು ಕಡಿದಿರಲಿಲ್ಲ, ಇಬ್ಬರೂ ಲೈನಿನಲ್ಲೇ ಇದ್ದರು. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಅಂತಾರಲ್ಲ, ಇವರಿಬ್ಬರೂ ಇಪ್ಪತ್ತೊಂದು ವರ್ಷ ಗುದ್ದಿದ್ದರು. ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕೆನಿಸಿತು ನನಗೆ, ಆದರೆ ಆ ಇಬ್ಬರ ನಡುವೆ ನನ್ನ ಮಾತಿಗೆ ಜಾಗವಿರಲಿಲ್ಲ.

ವಿಶ್ನ್ಯಾ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡಳು. ಹಿಟ್ಟಿನ ಕೈಯನ್ನು ಅವಳ ಕೈಯ ಮೇಲಿಟ್ಟಳು.

"ಕೇಳು ನೇನಾ," ಅಂದಳು. ಆ ಹೆಸರು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. "ಅವತ್ತು ಏನು ಕೇಳಿದ್ಯೋ ಅದನ್ನೇ ಈಗ ಕೇಳು."

"ಬೇಡ."

"ಕೇಳು. ಅದೇ ಮಾತಲ್ಲಿ ಕೇಳು."

ನೆವೆಂಕಾ ಎರಡು ಸಲ ಶುರುಮಾಡಿ ನಿಲ್ಲಿಸಿದಳು.

"ಅಮ್ಮ ಹೇಗಿದಾಳೆ? ಹೊರಗೆ ಕೂರಿಸ್ತಿದೀಯ ತಾನೇ... ಸ್ವಲ್ಪ ವಜ್ದುಹ್ ತಗೊಳ್ಳಲಿ."

"ಅಮ್ಮ ಹೋದ್ಲು ನೇನಾ," ಅಂದಳು ವಿಶ್ನ್ಯಾ. "ಮಂಗಳವಾರ."

ನೆವೆಂಕಾ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿದಳು, ಈಗಷ್ಟೇ ತಿಳಿದವಳ ಹಾಗೆ.

"ಎಷ್ಟು ಹೊತ್ತಿಗೆ?"

"ಸಂಜೆ. ಕಿಟಕಿ ತೆಗೆಸ್ಕೊಂಡು ಮಲಗಿದ್ಲು, ಸದ್ದು ಕೇಳಬೇಕು ಅಂತ. ವಿಮಾನ ಇಲ್ಲ ಅಮ್ಮ ಅಂತ ಎಷ್ಟು ಹೇಳಿದ್ರೂ ಕೇಳ್ತಿರ್ಲಿಲ್ಲ. ಏಳೂ ಹತ್ತಕ್ಕೆ."

ಆಗ ನೆವೆಂಕಾ ಅತ್ತಳು. ಮೇಜಿನ ಮೇಲೆ ತಲೆಯಿಟ್ಟು, ಹಿಟ್ಟಿನ ಪುಡಿಯ ಮೇಲೆ ಕೆನ್ನೆಯಿಟ್ಟು, ಮನೆಯಲ್ಲಿ ಸಾವಾದಾಗ ಹೆಂಗಸರು ಅಳುವ ಹಾಗೆ ದನಿ ತೆಗೆದು ಅತ್ತಳು. ವಿಶ್ನ್ಯಾಳೂ ಅತ್ತಳು. ನಾನು ಎದ್ದು ತಟ್ಟೆಯಲ್ಲಿ ಉಳಿದದ್ದನ್ನು ಒಲೆಯೊಳಗಿಟ್ಟೆ, ಆರದಿರಲಿ ಎಂದು.